ವಾಡೆಯ ಗೋಡೆಯ ಮೇಲಿನ ಬೆಳ್ಳುಳ್ಳಿ

ಗೊಳಸಂಗಿಯ ಪಂಢರಿನಾಥ ಮಾಸ್ತರರ ವಾಡೆಯ ಪಡಸಾಲೆಯಲ್ಲಿ ಗಾಜಿನ ಚೌಕಟ್ಟು ಹಾಕಿದ ಒಂದು ಪ್ರಮಾಣಪತ್ರ ತೂಗುತ್ತದೆ. ಅದರಲ್ಲಿ ನಾಲ್ಕು ಸಾಲುಗಳಿವೆ. ಈ ಮಹನೀಯರು ದೇಶಿ ಬೆಳ್ಳುಳ್ಳಿಯ ತಳಿಯೊಂದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ ಎಂಬುದು ಮೊದಲನೆಯ ಸಾಲು. ಆ ತಳಿಯ ಮೂಲಸ್ಥಾನ ಗೊಳಸಂಗಿ ಎಂಬುದು ಎರಡನೆಯದು. ಅದನ್ನು ಅವರು ಸಂಶೋಧನೆಗಾಗಿ ಉದಾರವಾಗಿ ನೀಡಿದರು ಎಂಬುದು ಮೂರನೆಯದು. ನಾಲ್ಕನೆಯ ಸಾಲಿನಲ್ಲಿ ದಿನಾಂಕವಿದೆ. ನಾಲ್ಕರಲ್ಲಿ ದಿನಾಂಕವೊಂದೇ ನಿಜ.

ಉಳಿದ ಮೂರು ಸಾಲುಗಳ ನಿಜ ಅದೇ ಊರಿನ ತೆಂಕಣ ಕೇರಿಯಲ್ಲಿ, ಗುಂಡವ್ವನ ಮನೆಯ ಒಲೆಯ ಮೇಲಿನ ತೊಲೆಗೆ ಗರಿ ಹೆಣೆದು ಕಟ್ಟಿದ ಕಟ್ಟುಗಳಾಗಿ ಹೊಗೆಯಲ್ಲಿ ತೂಗುತ್ತಿತ್ತು. ಅದನ್ನು ನೋಡಲು ಒಂಬತ್ತು ವರ್ಷಗಳ ಕಾಲ ಯಾವ ಅಧಿಕಾರಿಯೂ ಆ ಕೇರಿಗೆ ಇಳಿಯಲಿಲ್ಲ.

ಗುಂಡವ್ವ ಹುಟ್ಟಿದ್ದು 1958ರಲ್ಲಿ, ಇಂಡಿ ತಾಲೂಕಿನ ಲಚ್ಯಾಣದಲ್ಲಿ. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಗೊಳಸಂಗಿಗೆ ಬಂದಳು. 1976ರಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ ತಾಯಿ ತಿಪ್ಪವ್ವ ಅವಳಿಗೆ ದಿನವೂ ಬೂದಿಯಲ್ಲಿ ಸುಟ್ಟ ಬೆಳ್ಳುಳ್ಳಿ ತಿನ್ನಿಸಿದಳು. ಐದು ತಿಂಗಳ ಕೂಸನ್ನು ಕಟ್ಟಿಕೊಂಡು ಗಂಡನ ಮನೆಗೆ ಹೊರಟ ದಿನ ಒಂದು ಕಟ್ಟು ಬೆಳ್ಳುಳ್ಳಿಯನ್ನು ಮಗಳ ಸೆರಗಿನಲ್ಲಿ ಹಾಕಿ, ತಿಪ್ಪವ್ವ ಹೇಳಿದ್ದು ಇಷ್ಟೇ:

"ಎಲ್ಲಾ ತಿಂದು ಮುಗಸಬ್ಯಾಡ. ಮದಲ ಹೊಲಕ್ಕ ಹಚ್ಚು, ಉಳದದ್ದು ತಿನ್ನು."

ಆ ಬೆಳ್ಳುಳ್ಳಿ ನೋಡಲು ಚೆಂದವಿಲ್ಲ. ಗಡ್ಡೆ ನಿಂಬೆಹಣ್ಣಿಗಿಂತ ದೊಡ್ಡದಾಗುವುದಿಲ್ಲ, ಸಿಪ್ಪೆ ಕಂದುನೇರಳೆ, ಎಸಳುಗಳು ಹದಿನೆಂಟೋ ಇಪ್ಪತ್ತೋ, ಒಂದರ ಮೇಲೊಂದು ಒರಗಿ ಸೊಟ್ಟಗಿರುತ್ತವೆ. ಕೆಲವು ವರ್ಷ ಗಿಡದ ಕುತ್ತಿಗೆ ಉಬ್ಬಿ, ಅದರೊಳಗೆ ಜೋಳದ ಕಾಳಿಗಿಂತ ತುಸು ದೊಡ್ಡದಾದ ನಾಲ್ಕೈದು ಮರಿಗಡ್ಡೆಗಳು ಕಟ್ಟುತ್ತವೆ. ತಿಪ್ಪವ್ವ ಅದನ್ನು ಬಸರಿ ಬಳ್ಳೊಳ್ಳಿ ಎಂದು ಕರೆಯುತ್ತಿದ್ದಳು. ಗುಂಡವ್ವನೂ ಹಾಗೆಯೇ ಕರೆದಳು.

ಪ್ರತಿ ವರ್ಷ ಸೀಗೆ ಹುಣ್ಣಿಮೆಯ ಆಸುಪಾಸಿನಲ್ಲಿ ಅವಳು ಅಂಗಳದಲ್ಲಿ ಗೋಣಿತಟ್ಟು ಹಾಸಿ ಕೂತು, ಕಟ್ಟು ಬಿಚ್ಚಿ ಎಸಳು ಬಿಡಿಸುತ್ತಿದ್ದಳು. ಹೊರಸುತ್ತಿನ ತುಂಬಿದ ಎಸಳುಗಳು ನಾಟಿಗೆ, ಒಳಗಿನ ಸಣಕಲು ಎಸಳುಗಳು ಚಟ್ನಿಗೆ. ಅವಳಿಂದ ಎಸಳು ಪಡೆದು ಬೆಳೆದ ಕೇರಿಯ ಇತರರು ದಪ್ಪ ಗಡ್ಡೆಗಳನ್ನು ಸಂತೆಗೆ ಒಯ್ದು, ಯಾರೂ ಕೊಳ್ಳದ ಕಿರುಗಡ್ಡೆಗಳನ್ನು ನೆಲಕ್ಕೆ ಹಾಕಿದರು. ಕೆಲವೇ ವರ್ಷಗಳಲ್ಲಿ ಅವರ ಬೆಳೆ ಸೊರಗಿತು. ಅನಂತರ ಸಂತೆಯ ಬಿಳಿ ಬೆಳ್ಳುಳ್ಳಿಯನ್ನೇ ತಂದು ಹಚ್ಚತೊಡಗಿದರು. ಡಿಸೆಂಬರಿನ ಮಂಜಿಗೆ ಆ ಬಿಳಿಯದರ ಗರಿಗಳ ಮೇಲೆ ನೇರಳೆ ಮಚ್ಚೆ ಬಿದ್ದು, ತುದಿಯಿಂದ ಬುಡದವರೆಗೆ ಸುಟ್ಟಂತೆ ಒಣಗಿದ ವರ್ಷಗಳಲ್ಲಿಯೂ ಗುಂಡವ್ವನ ಸಾಲು ಹಸಿರಾಗಿಯೇ ನಿಂತಿರುತ್ತಿತ್ತು. ಗಂಡ ತೀರಿದ ಮೇಲೂ, ಮಗ ಪ್ರೇಮಕುಮಾರ ಮುದ್ದೇಬಿಹಾಳದಲ್ಲಿ ಶಾಲಾ ಶಿಕ್ಷಕನಾಗಿ ನೆಲೆಸಿದ ಮೇಲೂ, ಹಳ್ಳದ ದಂಡೆಯ ಎರಡು ಎಕರೆಯನ್ನು ಅವಳು ಬಿಡಲಿಲ್ಲ. ಆ ಹೊಲಕ್ಕೆ ಇದ್ದ ಬಂಡಿದಾರಿ ಮಾಸ್ತರರ ಜಮೀನಿನ ಬದುವಿನ ಮೇಲೆ ಹಾದುಹೋಗುತ್ತಿತ್ತು.

2014ರ ಮಾರ್ಚ್ ತಿಂಗಳಲ್ಲಿ ಒಂದು ಸಂಶೋಧನಾ ಕೇಂದ್ರದ ಜೀಪು ಊರಿಗೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳಲ್ಲಿ ಸುತ್ತಿ, ಹಳೆಯ ಬೆಳ್ಳುಳ್ಳಿಯ ಮಾದರಿಗಳನ್ನು ಹುಡುಕುತ್ತ ಬಂದಿದ್ದ ಜೀಪು ಅದು. ಊರಿಗೆ ಬರುವ ಎಲ್ಲ ಸರಕಾರಿ ವಾಹನಗಳಂತೆ ಅದೂ ನೇರವಾಗಿ ವಾಡೆಯ ಮುಂದೆ ನಿಂತಿತು. ನಿವೃತ್ತ ಮುಖ್ಯೋಪಾಧ್ಯಾಯರಾದ ಮಾಸ್ತರರು ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ತಮ್ಮ ಆಳು ಶಂಕರೆಪ್ಪನನ್ನು ಕೇರಿಗೆ ಅಟ್ಟಿದರು. ಗುಂಡವ್ವ ಆರಿಸಿ ಇಪ್ಪತ್ತು ಗಡ್ಡೆಗಳನ್ನು ತಂದಳು.

ಆ ವಾಡೆಯಲ್ಲಿ ಅವಳ ಕೈಯಿಂದ ಯಾವುದನ್ನೂ ಯಾರೂ ಕೈಗೆ ತೆಗೆದುಕೊಳ್ಳುವ ರೂಢಿ ಇರಲಿಲ್ಲ. ತಂದವಳು ತಂದದ್ದನ್ನು ಹೊರಗಿನ ಕಲ್ಲುಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯಬೇಕು. ಗುಂಡವ್ವ ಇಟ್ಟು ಸರಿದಳು. ಸಂಗ್ರಹಕಾರ ಕಟ್ಟೆಯ ಮೇಲಿದ್ದುದನ್ನು ಎತ್ತಿಕೊಂಡ, ಫೋಟೊ ತೆಗೆದ, ಕಟ್ಟೆ ಯಾರದೋ ಬೆಳ್ಳುಳ್ಳಿಯೂ ಅವರದೇ ಎಂದು ಬರೆದುಕೊಂಡ. ಹೆಸರು, ಸರ್ವೆ ನಂಬರು, ದೂರವಾಣಿ ಎಲ್ಲವನ್ನೂ ಕುರ್ಚಿಯಲ್ಲಿ ಕೂತವರು ಹೇಳಿದರು. ಅಂಗಳದಲ್ಲಿ ನಿಂತವಳನ್ನು ಯಾರೂ ಕೇಳಲಿಲ್ಲ. ಕಡತದಲ್ಲಿ ಆ ಮಾದರಿ 'ಗೊಳಸಂಗಿ ಸ್ಥಳೀಯ' ಎಂದಾಯಿತು.

ಇದರಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಮಾಸ್ತರರದು ವೈಷ್ಣವ ಆಚಾರದ ಮನೆ. ಆ ಮನೆಯ ಅಡಿಗೆಯಲ್ಲಿ ಬೆಳ್ಳುಳ್ಳಿ ಬಿದ್ದದ್ದಿಲ್ಲ. ಹೊಸ್ತಿಲು ದಾಟಿದ್ದೂ ಇಲ್ಲ. ತಿನ್ನದಿರುವುದು ಅವರ ಇಷ್ಟ. ಅದರಲ್ಲಿ ತಪ್ಪೇನೂ ಇಲ್ಲ. ತಿನ್ನದೆ, ಬೆಳೆಯದೆ, ಮುಟ್ಟದೆ ಅದರ ಸಂರಕ್ಷಕರೆಂದು ಶಾಲು ಹೊದಿಸಿಕೊಂಡದ್ದಕ್ಕೆ ಮಾತ್ರ ಯಾವ ಆಚಾರದ ಆಧಾರವೂ ಸಿಗಲಾರದು.

ಶಾಲು ಹೊದಿಸಿ ಆ ಪ್ರಮಾಣಪತ್ರ ಕೊಟ್ಟದ್ದು 2016ರಲ್ಲಿ, ಬಸವನ ಬಾಗೇವಾಡಿಯ ಸಮಾರಂಭವೊಂದರಲ್ಲಿ. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಪ್ರೇಮಕುಮಾರ ತಾಯಿಗೆ ತಂದು ತೋರಿಸಿದ. ಗುಂಡವ್ವ ಅಚ್ಚಿನ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು. ಎರಡು ಸಲ ಓದಿ, ಅದೇ ಸಂಜೆ ವಾಡೆಯ ಮುಂದೆ ಹೋಗಿ ನಿಂತಳು.

"ಮಾಸ್ತರ್ರ, ನನ್ನ ಬಳ್ಳೊಳ್ಳಿ ನಿಮ್ಮದು ಯಾವಾಗ ಆತ್ರಿ?"

"ಸರಕಾರಿ ಕಾಗದಕ್ಕ ಒಂದು ಹೆಸರು ಬೇಕಾಗಿತ್ತು, ನಂದು ಬರಕೊಂಡ್ರು. ನಿನ್ನ ಬಳ್ಳೊಳ್ಳಿ ನಿನ್ನ ಹತ್ರನ ಅದ ಅಲ್ಲ? ಯಾರರ ಒಯ್ದಾರೇನು?"

"ಬಳ್ಳೊಳ್ಳಿ ಐತ್ರಿ. ನಮ್ಮವ್ವ ಹೋದ್ಳು. ಇದು ಲಚ್ಯಾಣದಾಗ ನಮ್ಮವ್ವ ಕೊಟ್ಟದ್ದು. ಕಾಗದದಾಗ ಅಕೀ ಊರೂ ಇಲ್ಲ, ಅಕೀ ಹೆಸರೂ ಇಲ್ಲ."

"ನಿಮ್ಮವ್ವನ ಹೆಸರು ತಗೊಂಡು ಸರಕಾರ ಏನ ಮಾಡ್ತದ?" ಎಂದರು ಮಾಸ್ತರರು, ಮತ್ತು ಒಳಗೆ ಹೋದರು.

ಅಂದಿನಿಂದ ಅವಳು ಬಂಡಿದಾರಿಯಲ್ಲಿ ಅವರ ಎದುರಿಗೇ ನಡೆದಳು, ಮಾತನಾಡಲಿಲ್ಲ. ಲಚ್ಯಾಣದಲ್ಲಿ ಈ ಬೆಳ್ಳುಳ್ಳಿ ಉಳಿದಿದೆಯೇ ಎಂದು ಒಮ್ಮೆ ಹೋಗಿ ಮನೆಮನೆ ವಿಚಾರಿಸಿ ಬಂದಳು. ಒಂದು ಎಸಳೂ ಇರಲಿಲ್ಲ. ತಿಪ್ಪವ್ವ ತೀರಿ ಆಗ ಹತ್ತೊಂಬತ್ತು ವರ್ಷವಾಗಿತ್ತು. ತಾಯಿ ಇದ್ದಳೆಂಬುದಕ್ಕೆ ಇನ್ನು ಉಳಿದ ಗುರುತು ಒಲೆಯ ಮೇಲಿನ ಕಟ್ಟುಗಳು ಮಾತ್ರ. ಆ ಗುರುತು ಕಾಗದದಲ್ಲಿ ಬೇರೊಬ್ಬರ ಹೆಸರಿಗೆ ಬಿದ್ದಿತ್ತು.

ಜೋಳದ ಬೀಜವನ್ನು ಒಣಗಿಸಿ, ತಣ್ಣನೆಯ ಕೋಣೆಯಲ್ಲಿ ಡಬ್ಬಿಗೆ ಹಾಕಿಟ್ಟರೆ ಹಲವು ವರ್ಷ ಇರುತ್ತದೆ. ಬೆಳ್ಳುಳ್ಳಿ ಹಾಗಲ್ಲ. ಅದಕ್ಕೆ ಸಾಮಾನ್ಯವಾಗಿ ಬೀಜವೇ ಕಟ್ಟುವುದಿಲ್ಲ. ಎಸಳನ್ನು ವರ್ಷವರ್ಷವೂ ನೆಲಕ್ಕೆ ಹಾಕಿಯೇ ಉಳಿಸಬೇಕು. ಒಂದು ಹಂಗಾಮು ತಪ್ಪಿದರೆ ತಳಿ ಹೋಯಿತು. ಸಂಶೋಧನಾ ಕೇಂದ್ರದಲ್ಲಿ ಆದದ್ದೂ ಅದೇ. 2021ರ ಮಳೆಗಾಲದಲ್ಲಿ ದಾಸ್ತಾನು ಕೋಣೆಯ ಒಂದು ಮೂಲೆ ಸೋರಿ, ಆ ಮೂಲೆಯ ಗಡ್ಡೆಗಳೆಲ್ಲ ಕೊಳೆತವು. 'ಗೊಳಸಂಗಿ ಸ್ಥಳೀಯ' ಅವುಗಳಲ್ಲಿ ಒಂದು. ಮರುವರ್ಷ ಕೇಂದ್ರದಿಂದ ಮಾಸ್ತರರಿಗೆ ಪತ್ರ ಬಂತು: ದಯವಿಟ್ಟು ಅದೇ ತಳಿಯ ಇಪ್ಪತ್ತು ಗಡ್ಡೆಗಳನ್ನು ಮತ್ತೆ ಕಳುಹಿಸಿ, ರೋಗ ತಡೆಯುವ ಈ ತಳಿಯನ್ನು ಹೊಸ ತಳಿಗಳ ಅಭಿವೃದ್ಧಿಯಲ್ಲಿ ಬಳಸುವ ಉದ್ದೇಶವಿದೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತನ ತಳಿಯಾಗಿ ನಿಮ್ಮ ಹೆಸರಿನಲ್ಲಿಯೇ ನೋಂದಾಯಿಸಲು ಶಿಫಾರಸು ಮಾಡಲಾಗುವುದು.

ಶಂಕರೆಪ್ಪ ಗುಂಡವ್ವನ ಅಂಗಳಕ್ಕೆ ಬಂದು ನಿಂತ.

"ಮಾಸ್ತರ್ರು ಇಪ್ಪತ್ತು ಗಡ್ಡಿ ತಗೊಂಡು ಬಾ ಅಂದಾರವ್ವ."

"ಅವರ ಬಳ್ಳೊಳ್ಳಿ ಅವರ ಗ್ವಾಡಿ ಮ್ಯಾಲ ಐತಲ್ಲೋ. ಇಳಿಸಿ ಕೊಡ್ಲಿ."

ಶಂಕರೆಪ್ಪ ಬರಿಗೈಯಲ್ಲಿ ಮರಳಿದ. ಮಾಸ್ತರರು ಆಗ ಮಾಡಿದ ತಪ್ಪು, ಎಂದೂ ಬೆಳ್ಳುಳ್ಳಿ ಸುಲಿದಿಲ್ಲದವರು ಮಾತ್ರ ಮಾಡಬಹುದಾದ ತಪ್ಪು. ಬೆಳ್ಳುಳ್ಳಿಯೆಂದರೆ ಬೆಳ್ಳುಳ್ಳಿ ಎಂದು ತಿಳಿದು, ದೇವರ ಹಿಪ್ಪರಗಿಯ ಸಂತೆಯಿಂದ ದಪ್ಪನೆಯ ಬಿಳಿ ಗಡ್ಡೆಗಳನ್ನು ಶಂಕರೆಪ್ಪನ ಕೈಯಲ್ಲಿಯೇ ತರಿಸಿ, ಅವನ ಕೈಯಲ್ಲಿಯೇ ಕಟ್ಟಿಸಿ, ಮೇಲೆ ತಮ್ಮ ವಿಳಾಸ ಬರೆದು ಕಳುಹಿಸಿದರು.

ಇದಾಗಿ ಒಂದು ವರ್ಷ ಸದ್ದಿರಲಿಲ್ಲ. 2023ರ ವಿಜಯದಶಮಿಯ ದಿನ ಮಾಸ್ತರರೇ ತೆಂಕಣ ಕೇರಿಯ ತನಕ ಬಂದರು. ಅಂಗಳಕ್ಕೆ ಇಳಿಯಲಿಲ್ಲ, ಓಣಿಯ ತಿರುವಿನಲ್ಲಿ, ಕೊಡೆಯ ಮೇಲೆ ಭಾರ ಹಾಕಿ ನಿಂತರು. ಗುಂಡವ್ವ ಗೋಣಿತಟ್ಟಿನ ಮೇಲೆ ಎಸಳು ಬಿಡಿಸುತ್ತಿದ್ದಳು. ಏಳಲಿಲ್ಲ.

"ನಾಳೆ ಕೇಂದ್ರದಿಂದ ಮೇಡಂ ಬರಲಿಕ್ಕತ್ತಾರ. ಏನೋ ಪರೀಕ್ಷಾದಾಗ ತೊಡಕಾಗೇದಂತ. ಇಪ್ಪತ್ತು ಗಡ್ಡಿ ಕೊಡು, ಮುಗೀತದ."

"ಬನ್ನಿ ಕೊಡೂ ದಿನ ಬಳ್ಳೊಳ್ಳಿ ಬೇಡಾಕ ಬಂದೀರೇನ್ರಿ."

"ಚ್ಯಾಷ್ಟಿ ಸಾಕು. ನಿನ್ನ ಬಂಡಿ ಯಾರ ಬದುವಿನ ಮ್ಯಾಲೆ ಹೋಗ್ತದ ಅನ್ನೋದು ಗೊತ್ತದ ಅಲ್ಲ? ನಾನು ಇಷ್ಟು ವರ್ಷ ಏನೂ ಅಂದಿಲ್ಲ. ಮುಳ್ಳು ಹಚ್ಚಲಿಕ್ಕೆ ಅರ್ಧ ದಿನ ಸಾಕು."

ನಾಟಿಗೆ ಇನ್ನು ವಾರವಿತ್ತು. ಗೊಬ್ಬರದ ಬಂಡಿ ಹೋಗಬೇಕಾದದ್ದು ಆ ದಾರಿಯಲ್ಲಿಯೇ. ಹಳ್ಳದ ಕಡೆಯಿಂದ ಬಂಡಿ ಇಳಿಯುವುದಿಲ್ಲ. ಗುಂಡವ್ವ ಕೈಯಲ್ಲಿದ್ದ ಎಸಳನ್ನು ನಾಟಿಯ ಗುಂಪಿಗೆ ಹಾಕಿದಳು.

"ಎಷ್ಟೊತ್ತಿಗೆ ಬರ್ತಾರ್ರಿ ಮೇಡಮ್ಮಾರು?"

"ಹತ್ತಕ್ಕ."

"ನಾನಽ ತರ್ತೇನಿ, ಹೋಗ್ರಿ."

ಗೆದ್ದೆನೆಂದು ತಿಳಿದು ಮಾಸ್ತರರು ಹೋದರು.

ಮರುದಿನ ಏಕಾದಶಿ. ಗುಂಡವ್ವ ಬುಟ್ಟಿ ಹೊತ್ತು ವಾಡೆಯ ಮುಂದೆ ಬಂದಾಗ, ಸುಮೇಧಾ ಎಂಬ ವಿಜ್ಞಾನಿ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಎರಡು ಪೊಟ್ಟಣ ಬಿಚ್ಚಿ, ಎರಡು ಗುಂಪು ಗಡ್ಡೆ ಹಾಕಿದ್ದಳು. ವಿಜಯಪುರದ ಕಡೆಯವಳು, ಮೂವತ್ತೈದರ ವಯಸ್ಸು, ಮಾತಿನಲ್ಲಿ ನಯವಿದ್ದರೂ ಕಣ್ಣು ಕಾಗದ ಬಿಟ್ಟು ಕದಲುತ್ತಿರಲಿಲ್ಲ. ಮಾಸ್ತರರು ಕುರ್ಚಿಯಲ್ಲಿದ್ದರು. ಅವರ ಹೆಂಡತಿ ಸಾವಿತ್ರೀಬಾಯಿ ತಲೆಬಾಗಿಲ ಒಳಗೆ ನಿಂತಿದ್ದರು.

"ಅಲ್ಲೇ ಕಟ್ಟೀ ಮ್ಯಾಲೆ ಇಟ್ಟು ಹೋಗು," ಎಂದರು ಮಾಸ್ತರರು.

ಗುಂಡವ್ವ ಬುಟ್ಟಿಯನ್ನು ಸೊಂಟಕ್ಕೆ ಇಳಿಸಿದಳು. ಕಟ್ಟೆಯ ಕಡೆ ಹೋಗಲಿಲ್ಲ.

"ಒಮ್ಮೆ ಇಟ್ಟೇನ್ರಿ. ಇಟ್ಟದ್ದಕ್ಕಽ ಅದು ನಿಮ್ಮದಾತು. ಈ ಸಲ ಕಟ್ಟೀ ಮ್ಯಾಲ ಇಡಂಗಿಲ್ಲ. ಮೇಡಮ್ಮಾರ, ಬೇಕಾದ್ರ ನನ್ನ ಕೈಯಾಗಿಂದ ತಗೊಳ್ರಿ. ಇಲ್ಲಂದ್ರ ವಾಪಸ್ ಒಯ್ತೇನಿ."

ಸುಮೇಧಾ ಎದ್ದು, ಅಂಗಳಕ್ಕೆ ಇಳಿದು, ಎರಡೂ ಕೈ ಒಡ್ಡಿದಳು. ಗುಂಡವ್ವ ಒಂದೇ ಒಂದು ಗಡ್ಡೆ ಕೊಟ್ಟಳು. ಅದರ ಕುತ್ತಿಗೆ ಉಬ್ಬಿತ್ತು. ಸುಮೇಧಾ ಅದನ್ನು ಹೊರಳಿಸಿ, ಉಬ್ಬನ್ನು ಉಗುರಿನಿಂದ ಸೀಳಿ, ಒಳಗಿನ ಮರಿಗಡ್ಡೆಗಳನ್ನು ಕಂಡು, ಒಯ್ದು ಪತ್ರಿಕೆಯ ಮೇಲೆ ಮೂರನೆಯದಾಗಿ ಇಟ್ಟಳು. ಅನಂತರ ಕೇಳಿದಳು:

"ಸರ್, 2014ರಾಗ ನೀವು ಕೊಟ್ಟ ಬಳ್ಳೊಳ್ಳಿ ಈ ಮೂರರಾಗ ಯಾವುದು? ಎತ್ತಿ ತೋರಸ್ರಿ."

"ಇವತ್ತು ಏಕಾದಶಿ. ನಾ ಅದನ್ನ ಮುಟ್ಟಂಗಿಲ್ಲ."

"ದ್ವಾದಶಿ ದಿನ ಮುಟ್ತೀರೇನ್ರಿ?" ಎಂದಳು ಗುಂಡವ್ವ. "ಮುಟ್ಟಬ್ಯಾಡ್ರಿ, ಮಾಸ್ತರ್ರ. ಬಟ್ಟು ಮಾಡಿ ತೋರಸ್ರಿ, ಸಾಕು. ನಾಕು ತಲಿಮಾರಿಂದ ಜ್ವಾಪಾನ ಮಾಡಿದ್ದು, ಗುರ್ತು ಸಿಗತೈತಿ."

ಶಂಕರೆಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಕೆಮ್ಮಿದ. ಮಾಸ್ತರರು ಕೊಡೆಯ ತುದಿಯಿಂದ ದಪ್ಪನೆಯ, ಬಿಳಿಯ, ನೋಡಲು ಚೆಂದದ ಗುಂಪನ್ನು ತೋರಿಸಿದರು.

ಸುಮೇಧಾ ಚೀಲದಿಂದ ಒಂದು ಫೋಟೊ ತೆಗೆದಳು. ಇದೇ ಕಟ್ಟೆ, ಇದೇ ಕಲ್ಲು. ಕಲ್ಲಿನ ಮೇಲೆ ಕಂದುನೇರಳೆ ಬಣ್ಣದ ಇಪ್ಪತ್ತು ಕಿರುಗಡ್ಡೆಗಳು. ಚಿತ್ರದ ಅಂಚಿನಲ್ಲಿ, ಅರ್ಧಕ್ಕೆ ಕತ್ತರಿಸಿದಂತೆ, ಒಂದು ಹಸಿರು ಸೀರೆಯ ಸೆರಗು. ಗುಂಡವ್ವ ತನ್ನ ಸೆರಗನ್ನು ಗುರುತಿಸಿದಳು. ಮುಖ ಚಿತ್ರದಲ್ಲಿ ಬಂದಿರಲಿಲ್ಲ.

"ನೀವು ತೋರಿಸಿದ್ದು ಹೋದ ವರ್ಷ ನೀವು ಕಳಿಸಿದ್ದು, ಸರ್," ಎಂದಳು ಸುಮೇಧಾ. "ಬಾಜೂಕಿಂದು ಬ್ಯಾರೆ ಊರಿಂದು, ಹೋಲಿಸಿ ನೋಡಲಿಕ್ಕೆ ತಂದದ್ದು. ನೀವು ಕಳಿಸಿದ್ದರ ವಂಶವಾಹಿ ಗುರುತು, ಊರೂರ ಸಂತ್ಯಾಗ ಮಾರೋ ಬಿಳಿ ಬಳ್ಳೊಳ್ಳಿದ. 2014ರ ಗಡ್ಡಿ ಕೊಳತ್ರೂ ಅದರ ಗುರುತು ನಮ್ಮ ಹತ್ರ ಅದ. ನಾವು ಕೂಡಿಸಿದ ಮುನ್ನೂರರಾಗ ಒಂದಕ್ಕೂ ಅದು ಹೊಂದಂಗಿಲ್ಲ. ಒಬ್ಬರ ಹೆಸರು, ಒಂದ ಊರು, ಎರಡು ಬ್ಯಾರೆ ಬ್ಯಾರೆ ಬಳ್ಳೊಳ್ಳಿ. ಅದಕ್ಕ ಬಂದೇನಿ."

"ಅಷ್ಟಕ್ಕ ಇಷ್ಟು ದೂರ ಬಂದ್ರೇನ್ರಿ?" ಗುಂಡವ್ವನ ದನಿಯಲ್ಲಿ ಅವಳ ಮೇಲೂ ನಂಬಿಕೆಯಿರಲಿಲ್ಲ.

"ಬರಬೇಕು, ಅವ್ವಾರ. ಜ್ವಾಳದಾಗ ಎರಡು ತಳಿ ಕೂಡಿಸಿ ಮೂರನೇದ್ದು ಮಾಡಬಹುದು. ಬಳ್ಳೊಳ್ಳಿ ಹೂವಾ ಬಿಟ್ಟು ಬೀಜಾ ಕಟ್ಟಂಗಿಲ್ಲ, ಕೂಡಸಲಿಕ್ಕೆ ಬರಂಗಿಲ್ಲ. ಎಸಳು ಹಚ್ಚಿದ್ರ ಅದ ಗಿಡ ಮತ್ತ ಬರ್ತದ."

"ಲಗ್ನ ಇಲ್ಲದ ಕುಲ ಅನ್ರಿ."

"ಹೌದು. ತಾಯಿ ಹೆಂಗೋ ಮಗಳು ಹಂಗ. ಅದಕ್ಕ ಎಷ್ಟು ನಮೂನಿ ಉಳದಾವೋ ಅಷ್ಟ ನಮ್ಮ ಬಂಡವಾಳ. ನಿಮ್ಮದು ಕುತಿಗ್ಯಾಗ ಮರಿ ಕಟ್ತದ ಅಂದ್ರ, ಹೂವಿನ ದಂಟು ಬಿಡಲಿಕ್ಕೆ ನೋಡಲಿಕ್ಕತ್ತದ ಅಂತ ಅರ್ಥ. ಅಂಥಾದ್ದರಾಗ, ಹವಾ ಹೊಂದಿಸಿ, ಮರಿ ತಗದು ಹೂವಾ ಉಳಿಸಿದ್ರ, ಎಂದರ ಬೀಜಾ ಸಿಕ್ಕೀತು ಅಂತ ಆಶಾ. ಆಗ ಇದರ ರೋಗಾ ತಡಿಯೂ ಗುಣಾ ಬ್ಯಾರೇದಕ್ಕ ಹೋದೀತು. ಖಾತ್ರಿ ಇಲ್ಲ."

ಮಾಸ್ತರರು ಎದ್ದು ನಿಂತರು. "ನಾನು ಮೂವತ್ನಾಲ್ಕು ವರ್ಷ ಮಾಸ್ತರಿಕಿ ಮಾಡಿದಾಂವ. ನನ್ನ ಮಾತಿಗಿಂತ ಈಕಿ ಮಾತು ಹೆಚ್ಚೇನು? ಆಗ ಕೊಟ್ಟದ್ದು ನಮ್ಮ ಹೊಲದ್ದು."

ಆಗ ಸಾವಿತ್ರೀಬಾಯಿ ಹೊಸ್ತಿಲ ಒಳಗಿನಿಂದಲೇ ಮಾತನಾಡಿದರು.

"ನಮ್ಮ ಹೊಲದಾಗ ಎಂದೂ ಬಳ್ಳೊಳ್ಳಿ ಹಚ್ಚಿಲ್ಲ. ನಾ ಈ ಮನೀಗೆ ಬಂದು ನಾಲ್ವತ್ತೆಂಟು ವರ್ಷ ಆತು. ಉಪಾಸ ಇದ್ದೇನಿ, ಸುಳ್ಳು ಕೇಳಿಸಿಕೊಂಡು ನಿಂದರಲಾರೆ. ಅದು ಗುಂಡವ್ವಂದು. ಬರಕೊಳ್ರಿ."

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ. ಅದಕ್ಕ ಹೇಳಿದೆ."

ಗುಂಡವ್ವ ಅವರ ಕಡೆ ನೋಡಿದಳು, ಕೃತಜ್ಞತೆಯಿಂದಲ್ಲ. ಶಾಲಿನ ಸುದ್ದಿ ಓದಿ ತಾನು ಬಂದು ಕೇಳಿದ ಸಂಜೆಯೂ ಈ ಬಾಯಿಯವರು ಇದೇ ಹೊಸ್ತಿಲ ಒಳಗೆ ನಿಂತಿದ್ದರು.

"ಏಳು ವರ್ಷ ತಡಾ ಆತ್ರಿ, ಬಾಯಾರ," ಎಂದಳು.

ಸುಮೇಧಾ ಹೇಳಿಕೆ ಬರೆದುಕೊಂಡು ಸಾವಿತ್ರೀಬಾಯಿಯ ಸಹಿ ಪಡೆದಳು. ಹಳೆಯ ದಾಖಲೆಯ ಹೆಸರನ್ನು ತಾನೊಬ್ಬಳೇ ತೆಗೆದುಹಾಕಲು ಬಾರದು, ಅದು ಸಮಿತಿಯ ಮುಂದೆ ಹೋಗಬೇಕು, ಹೊಸ ದಾಖಲೆಯನ್ನು ಮಾತ್ರ ಈಗಲೇ ಮಾಡಬಹುದು ಎಂದಳು. ಗುಂಡವ್ವ ನಕ್ಕಳು, ಆ ನಗೆ ಯಾರಿಗೂ ಹಿತವಾಗಲಿಲ್ಲ. ಹೊಸ ನಮೂನೆ ಇಂಗ್ಲಿಷಿನಲ್ಲಿತ್ತು.

"ನನಗ ಬರೂ ಅಕ್ಷರದಾಗ ಬರೀರಿ. ಬರದದ್ದು ಓದಿ ನೋಡಿದ ಮ್ಯಾಲೆ ಕೊಡ್ತೇನಿ."

ನಮೂನೆಯಲ್ಲಿ ಕೊಟ್ಟವರ ಹೆಸರಿಗೆ ಒಂದೇ ಸಾಲು ಇತ್ತು. ಕೊಟ್ಟವರಿಗೆ ಯಾರು ಕೊಟ್ಟರೆಂದು ಕೇಳುವ ಸಾಲು ಇರಲಿಲ್ಲ. ಸುಮೇಧಾ ಷರಾ ಎಂಬ ಖಾಲಿ ಜಾಗದಲ್ಲಿ ಕನ್ನಡದಲ್ಲಿ ಬರೆದಳು. ಗುಂಡವ್ವ ಕಾಗದವನ್ನು ಬಿಸಿಲಿಗೆ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಅಂಗಳದಲ್ಲಿದ್ದವರೆಲ್ಲ ಕೇಳುವಂತೆ ಓದಿದಳು: "ಬಸರಿ ಬಳ್ಳೊಳ್ಳಿ. ಮೂಲ, ಇಂಡಿ ತಾಲೂಕು ಲಚ್ಯಾಣದ ತಿಪ್ಪವ್ವ. 1976ರಿಂದ ಗೊಳಸಂಗಿಯಲ್ಲಿ ಬೆಳೆಸಿದವರು ಮಗಳು ಗುಂಡವ್ವ." ತಾಯಿಯ ಹೆಸರಿನ ಮೇಲೆ ಬೆರಳು ತುಸು ಹೆಚ್ಚು ಹೊತ್ತು ನಿಂತಿತು. ಅನಂತರ ಸಹಿ ಮಾಡಿ, ಹತ್ತು ಗಡ್ಡೆಗಳನ್ನು ಎಣಿಸಿ ಸುಮೇಧಾಳ ಕೈಗೆ ಕೊಟ್ಟಳು.

"ಇಪ್ಪತ್ತು ಬೇಕಾಗಿತ್ತು, ಅವ್ವಾರ."

"ಮದಲ ಇಪ್ಪತ್ತು ಕೊಟ್ಟಿದ್ದೆ. ಕೊಳಿಸಿದ್ರಿ. ಇವನ್ನ ಉಳಸಿ ತೋರಸ್ರಿ, ಆಮ್ಯಾಲೆ ಕೇಳ್ರಿ."

ಸುಮೇಧಾ ಹತ್ತನ್ನೂ ಪೊಟ್ಟಣಕ್ಕೆ ಹಾಕಿ ಕಟ್ಟಿದಳು.

ಮರುದಿನ ಬೆಳಿಗ್ಗೆ ಬಂಡಿದಾರಿಗೆ ಜಾಲಿಮುಳ್ಳು ಬಿತ್ತು. ಹಳೆಯ ದಾಖಲೆ ಇಂದಿಗೂ ಸಮಿತಿಯ ಮುಂದಿದೆ. ಪ್ರಮಾಣಪತ್ರವನ್ನು ಮಾಸ್ತರರು ಇಳಿಸಿಲ್ಲ. ಇಳಿಸಿರೆಂದು ಹೇಳಬೇಕಾದ ಕಚೇರಿಗಳೂ ಹೇಳಿಲ್ಲ. ಒಂದು ಸುಳ್ಳು ಸಾಲನ್ನು ಬರೆಯಲು ಹತ್ತು ನಿಮಿಷ ಸಾಕಾಗಿತ್ತು. ಅದನ್ನು ಅಳಿಸಲು ಸಮಿತಿ ಬೇಕಾಯಿತು ಎಂಬುದನ್ನು ಇಲ್ಲಿ ನಮೂದಿಸುವುದು ಅಗತ್ಯ.

ಗುಂಡವ್ವ ಆ ವರ್ಷ ಗೊಬ್ಬರವನ್ನು ಬುಟ್ಟಿಬುಟ್ಟಿಯಾಗಿ ತಲೆಯ ಮೇಲೆ ಹೊತ್ತು, ಹಳ್ಳ ದಾಟಿ ಹಾಕಿದಳು. ಅವಳಿಗೆ ಆಗ ಅರವತ್ತೈದು. ನಾಟಿಯ ದಿನ ಎಸಳಿನ ಬುಟ್ಟಿಯೊಂದಿಗೆ ಹೋಗುವಾಗ, ಶಂಕರೆಪ್ಪ ಬದುವಿನ ಮೇಲೆ ಇನ್ನೊಂದು ಹೊರೆ ಮುಳ್ಳು ಹಾಕುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ.

"ನನ್ನ ಮ್ಯಾಲ ಸಿಟ್ಟಾಗಬ್ಯಾಡವ್ವ. ಹೇಳಿದ್ದು ಮಾಡಾಕತ್ತೇನಿ."

"ಚೊಲೋತ್ನ್ಯಾಗ ಹಾಕೋ, ಶಂಕರೆಪ್ಪ," ಎಂದಳು ಗುಂಡವ್ವ. "ಸಂದಿ ಬಿಡಬ್ಯಾಡ. ಇಷ್ಟು ವರ್ಷ ಅವರ ದನಾ ನನ್ನ ಹೊಲಕ್ಕ ಬಂದು ಸಾಲು ಮೇಯ್ತಿದ್ದೂ ಈ ದಾರಿ ಹಿಡದಽ."

ಮತ್ತು ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ ಹಳ್ಳಕ್ಕೆ ಇಳಿದಳು.